ಕಂಬಳಿಯ ಮೇಲೆ ಬೀಸಿದ ಕಲ್ಲು

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮಂಡ್ಯದ ಕಡೆ ನಮ್ಮದು ಕಲ್ಲು ಕುಟಿಗರ ಮನೆ. ರಾಗಿ ಬೀಸುವ ಕಲ್ಲು, ಒರಳು, ಗುಂಡು ಮಾಡಿಕೊಟ್ಟು ಬದುಕಿದವರು ನಾವು. ಮಿಲ್ಲು, ಮಿಕ್ಸಿ ಬಂದು ಆ ಕೆಲಸ ಸತ್ತ ಮೇಲೆ ನಾನು ಗ್ರಾನೈಟು ಕಲಿತು ಬೆಂಗಳೂರಿಗೆ, ಅಲ್ಲಿಂದ ಸಿಂಗಾಪುರಕ್ಕೆ ಬಂದೆ. ಕಾಕಿ ಬುಕಿತ್‌ನ ಒಂದು ವರ್ಕ್‌ಶಾಪಿನಲ್ಲಿ ಅಡುಗೆಮನೆಯ ಕಟ್ಟೆಗಳಿಗೆ ಕಲ್ಲು ಕತ್ತರಿಸುವ ಕೆಲಸ. ಮಲಗುವುದು ಜುರಾಂಗ್ ವೆಸ್ಟ್‌ನಲ್ಲಿ. ದಿನವೂ ದ್ವೀಪದ ಈ ತುದಿಯಿಂದ ಆ ತುದಿಗೆ ಎಂಆರ್‌ಟಿ ರೈಲು. ನಾನು ಕೂಡಿಸಿದ ಕಲ್ಲಿನ ಸಂದಿನಲ್ಲಿ ಯಾರ ಉಗುರೂ ಸಿಕ್ಕಿಕೊಂಡದ್ದಿಲ್ಲ. ಕೆಲಸ ಒಪ್ಪಿಸುವಾಗ ಕಲ್ಲಿನ ಮೇಲೆ ಒಂದು ಚಿಟಿಕೆ ಧೂಳು ಬಿಟ್ಟು ಬಂದದ್ದೂ ಇಲ್ಲ. ಅಪ್ಪ ಕಲಿಸಿದ್ದು ಅದು.

ಸಿರಿಯಾದ ಯುದ್ಧ ದಿನವೂ ಟೀವಿಯಲ್ಲಿ ಬರುತ್ತಿದ್ದ ವರ್ಷಗಳು. ಬಿಶಾನ್ ಬಡಾವಣೆಯಲ್ಲಿ ಮೈಸೂರಿನ ಒಬ್ಬ ಹೆಣ್ಣುಮಗಳ ಅಡುಗೆಮನೆ ಮಾಡಿಕೊಟ್ಟಿದ್ದೆ. ಸಾಫ್ಟ್‌ವೇರ್ ಕೆಲಸ, ಬಾಯಿ ಜೋರು, ಮನಸ್ಸು ಒಳ್ಳೆಯದು. ನಾನು ಅವರನ್ನು ಮೈಸೂರಮ್ಮ ಎನ್ನುತ್ತಿದ್ದೆ. ಒಂದು ದಿನ ಅವರ ಫೋನು ಬಂತು.

"ಅಂಕಲ್, ನಿಮಗೆ ಬೀಸೋ ಕಲ್ಲು ರಿಪೇರಿ ಮಾಡೋಕೆ ಬರತ್ತಾ?"

"ರಿಪೇರಿ ಮಾಡಕ್ಕೆ ಅದೇನವ್ವ, ಎಸಿನಾ?"

"ಜೋಕ್ ಮಾಡ್ಬೇಡಿ, ಸೀರಿಯಸ್ಸು. ನಮ್ಮ ನೆಕ್ಸ್ಟ್ ಡೋರ್ ಮೇಡಂ ಸಿರಿಯಾದೋರು, ಇಲ್ಲಿ ಕಾಲೇಜಲ್ಲಿ ಟೀಚ್ ಮಾಡ್ತಾರೆ. ಅವರ ಫಾದರ್‌ನ ಕಷ್ಟಪಟ್ಟು ಇಲ್ಲಿಗೆ ಕರ್ಕೊಂಡು ಬಂದಿದಾರೆ. ತಾತ ಈಗ ಊಟಾನೇ ಬಿಟ್ಬಿಟ್ಟಿದಾರೆ. ಊರಿಂದ ತಂದಿರೋ ಕಲ್ಲಲ್ಲಿ ಬೀಸಿದ ಹಿಟ್ಟಿನ ರೊಟ್ಟಿ ಕೊಟ್ರೆ ತಿಂತೀನಿ, ಇಲ್ದಿದ್ರೆ ಬೇಡ ಅಂತ ಹಠ."

ಹೋದೆ. ಮುದುಕ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದ. ಅಗಲವಾದ ಅಂಗೈ, ಒಳಕ್ಕೆ ಹೋದ ಕೆನ್ನೆ. ತೊಡೆಯ ಮೇಲೆ ಮಡಿಸಿದ ಒಂದು ಕಂಬಳಿ. ಊಟದ ಮೇಜಿನ ಮೇಲೆ ಟವೆಲ್ ಹಾಸಿ ಕಲ್ಲನ್ನು ಇಟ್ಟಿದ್ದರು. ಬೀಸುವ ಕಲ್ಲಿನ ಮೇಲಿನ ಅರ್ಧ ಮಾತ್ರ. ಕೆಳಗಿನದು ಊರಲ್ಲೇ ಉಳಿದಿತ್ತು. ಊರು ಬಿಡುವಾಗ ಅವನ ಹೆಂಡತಿ ಇದನ್ನು ಹಾಸಿಗೆಯಲ್ಲಿ ಸುತ್ತಿ ಗಾಡಿಗೆ ಹಾಕಿದಳಂತೆ. ಗಡಿ ದಾಟಿದ ಮೇಲೆ ನಿರಾಶ್ರಿತರ ಡೇರೆಗಳ ಊರಿನಲ್ಲಿ ಅವಳು ಚಳಿಗೆ ಸತ್ತಳು. ಕಲ್ಲು ಬಂತು.

ನಮ್ಮ ಚಾಮರಾಜನಗರದ ಕರಿಕಲ್ಲಿಗೆ ನೆಂಟನಂಥ ಕಲ್ಲು, ಮೈತುಂಬ ಸಣ್ಣ ಸಣ್ಣ ತೂತು. ಮೇಲ್ಮೈಯಲ್ಲಿ ಅರ್ಧ ಸಾಲು ಅಕ್ಷರ. ದುಂಡಗೆ ಕತ್ತರಿಸಿದಾಗ ಆಚೆಈಚೆಯ ಅಕ್ಷರಗಳು ಹೋಗಿವೆ.

ಮುದುಕ ಅರಬ್ಬಿಯಲ್ಲಿ ಹೇಳುವುದು, ಮಗಳು ಇಂಗ್ಲಿಷಿಗೆ ತಿರುಗಿಸುವುದು, ಮೈಸೂರಮ್ಮ ಅದನ್ನು ನನಗೆ ದಾಟಿಸುವುದು. "ಥರ್ಡ್ ಹ್ಯಾಂಡ್ ಮಾಲು ಅಂಕಲ್, ವಾರಂಟಿ ಇಲ್ಲ," ಎಂದರು. ಮುದುಕನಿಗೆ ಅದೇನೆಂದು ತಿಳಿಯದಿದ್ದರೂ ನಕ್ಕ. ಆಮೇಲೆ ತನ್ನ ಊರಿನ ಕಥೆ ಹೇಳಿದ.

ಅವನ ಕಥೆಯಲ್ಲಿ ರಾಜರ ಹೆಸರೇ ಇರಲಿಲ್ಲ. ಯಾರು ಬಂದರೆ ಏನನ್ನು ಹೊತ್ತುಕೊಂಡು ಹೋದರು ಅನ್ನುವುದಷ್ಟೇ. ರೋಮಿನವರು ಬಂದು ಗೋಧಿ ಅಳೆಯಲು ಉಗ್ರಾಣ ಕಟ್ಟಿಸಿದರು. ಅವರ ಹಿಂದೆ, ಅದೇ ರೋಮಿನವರು ಕ್ರೈಸ್ತರಾದ ಮೇಲೆ, ಶಿಲುಬೆಯ ದೊರೆಗಳು, ಅವರಿಗೂ ಗೋಧಿ ಬೇಕಿತ್ತು. ಅರಬ್ಬರ ಖಲೀಫರು ಬಂದರು, ಅವರ ಭಾಷೆ ಊರಿನವರದೂ ಆಯಿತು, ಊರಿನ ಗೋಧಿ ಮಾತ್ರ ಅವರದೇ. ಆಮೇಲೆ ಈಜಿಪ್ಟಿನ ಸುಲ್ತಾನರು. ಆಮೇಲೆ ತುರ್ಕರು, ಅವರು ಬಹಳ ಕಾಲ ಇದ್ದರು, ಗೋಧಿಯ ಜೊತೆಗೆ ಗಂಡುಮಕ್ಕಳನ್ನೂ ದಂಡಿಗೆ ಹಿಡಿದುಕೊಂಡು ಹೋದರು. ಕೊನೆಗೆ ಫ್ರೆಂಚರು. ಒಬ್ಬೊಬ್ಬರು ಹೋದಾಗಲೂ ಊರಿನವರು ಅವರ ಕಟ್ಟಡ ಬಿಚ್ಚಿ ಕಲ್ಲುಗಳನ್ನು ಮನೆಗೆ ತಂದರು. ದೇವರ ಕಂಬ ಕೊಟ್ಟಿಗೆಗೆ, ಗೋರಿಯ ಚಪ್ಪಡಿ ಮೆಟ್ಟಿಲಿಗೆ. ಉಗ್ರಾಣದ ಬಾಗಿಲ ಮೇಲಿದ್ದ ಕಲ್ಲೇ ಈ ಬೀಸುವ ಕಲ್ಲು.

"ಏನು ಬರೆದದೆ ಇದರ ಮೇಲೆ?" ಎಂದು ಕೇಳಿದೆ.

ಮಗಳು ಹೇಳಿದ್ದನ್ನು ಮೈಸೂರಮ್ಮ ಹೇಳಿದರು: "'ಕಟ್ಟಿಸಿದನು' ಅಂತ ಇದೆಯಂತೆ. ಯಾರು ಅನ್ನೋ ಪಾರ್ಟ್ ಕಟ್ ಆಗಿಹೋಗಿದೆ."

ನನಗೆ ನಮ್ಮೂರ ಕೆರೆ ನೆನಪಾಯಿತು. ಅಲ್ಲಿ ಶಾಸನದ ಕಲ್ಲೊಂದನ್ನು ಬಟ್ಟೆ ಒಗೆಯಲು ಅಡ್ಡ ಹಾಕಿದ್ದರು. ನಮ್ಮವ್ವ ಯಾವನೋ ಅರಸನ ದಾನದ ಮೇಲೆ ಅಪ್ಪನ ಪಂಚೆ ಬಡಿಯುತ್ತಿದ್ದಳು. ಹೇಳಿದೆ. ಮುದುಕ ಕೈ ಚಾಚಿ ನನ್ನ ಮೊಣಕೈ ಹಿಡಿದುಕೊಂಡ.

"ತುರ್ಕರ ಕಾಲದಲ್ಲಿ ಸಿಪಾಯಿಗಳು ಬೀಸೋ ಸದ್ದು ಕೇಳಿಸ್ಕೊಂಡು ಮನೆ ಹುಡುಕ್ತಿದ್ರಂತೆ," ಎಂದರು ಮೈಸೂರಮ್ಮ. "ಕಲ್ಲಿನ ಸದ್ದು ಬಂದ್ರೆ ಆ ಮನೇಲಿ ಧಾನ್ಯ ಬಚ್ಚಿಟ್ಟಿದಾರೆ ಅಂತ. ಅದಕ್ಕೇ ಇವರ ಅಜ್ಜಿಯರು ಕಲ್ಲಿನ ಅಡಿ ಕಂಬಳಿ ಹಾಸ್ಕೊಂಡು ಬೀಸ್ತಿದ್ರು. ಆಮೇಲೂ ಆ ಅಭ್ಯಾಸ ಹೋಗಲಿಲ್ಲ."

ಎಷ್ಟು ದೊರೆಗಳು ಬಂದರೂ ಊರು ಖಾಲಿಯಾಗಿರಲಿಲ್ಲವಂತೆ. ಖಾಲಿ ಮಾಡಿಸಿದ್ದು ತಮ್ಮದೇ ಭಾಷೆಯವರು, ತಮ್ಮದೇ ವಿಮಾನಗಳು. ಅಷ್ಟು ಹೇಳಿ ಮುದುಕ ಕಿಟಕಿಯ ಕಡೆ ತಿರುಗಿದ.

ಕಲ್ಲನ್ನು ಮಗುಚಿ ಹಾಕಿದೆ. ಬೀಸುವ ಮುಖ ಸವೆದು ನುಣ್ಣಗಾಗಿತ್ತು. ಇದರಲ್ಲಿ ಗೋಧಿ ಜಾರುತ್ತದೆ, ಒಡೆಯುವುದಿಲ್ಲ. ಚಾಣದಿಂದ, ಅಂದರೆ ಕಲ್ಲುಳಿಯಿಂದ, ಕುಟ್ಟಿ ಹೊಸದಾಗಿ ಕಚ್ಚು ಹಾಕಿ ಮುಖ ಒರಟು ಮಾಡಬೇಕು. ಆದರೆ ತಲೆತಲಾಂತರದಿಂದ ಕುಟ್ಟಿಸಿಕೊಂಡು ಕಲ್ಲು ತೆಳುವಾಗಿತ್ತು. ನಡುವಿನ ತೂತಿನಿಂದ ಅಂಚಿನ ಕಡೆಗೆ ಕೂದಲಿನಂಥ ಒಂದು ಗೆರೆ. ಗೆಣ್ಣಿನಿಂದ ತಟ್ಟಿದೆ. ಗಟ್ಟಿ ಕಲ್ಲು ಟಣ್ ಅನ್ನಬೇಕು. ಇದು ಮಡಕೆಯ ಹಾಗೆ ಡಬ್ ಎಂದಿತು.

"ಇದು ಒಡೆದರೂ ಒಡೀಬಹುದು ಕಣವ್ವ. ಒಡೆಯಲ್ಲ ಅಂತ ನಾನು ಮಾತು ಕೊಡಕ್ಕಾಗಲ್ಲ."

ಮೇಡಂ ಕಲ್ಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಇದಕ್ಕೆ ಕಬ್ಬಿಣ ತಾಕಿಸಲೇಬಾರದು ಎಂದು ಅವರ ಕಾಲೇಜಿನ ತಿಳಿದವರು ಹೇಳಿದ್ದರಂತೆ. ಅದು ಸರಿಯಾದ ಮಾತೇ. ಅವರು ಹೇಳಿದ್ದನ್ನು ಮೈಸೂರಮ್ಮ ಈ ಸಲ ಮೆಲ್ಲಗೆ ಹೇಳಿದರು. "ಊರಲ್ಲಿ ಒಂದು ಗೋಡೆ ಕೂಡ ನಿಂತಿಲ್ಲ. ಡೇರೆ ಹತ್ರ ಮಣ್ಣು ಮಾಡಿದ ಅಮ್ಮನ ಗೋರಿಗೆ ಈಗ ಗುರುತೂ ಇಲ್ಲ. ನಮ್ಮೂರು ಅಂತ ಒಂದಿತ್ತು ಅನ್ನೋಕೆ ಇದೊಂದೇ ಇರೋದು. ಇದೂ ಹೋದ್ರೆ ನಾನು ಯಾರಿಗೆ ಏನು ತೋರಿಸ್ಲಿ ಅಂತಾರೆ."

ಅಪ್ಪ ಮಗಳ ನಡುವೆ ಮಾತು ಏರಿತು. ಅದನ್ನು ಯಾರೂ ನನಗೆ ದಾಟಿಸಲಿಲ್ಲ, ದಾಟಿಸಬೇಕಾಗಿಯೂ ಇರಲಿಲ್ಲ. ಕೊನೆಗೆ ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು. ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು.

"ಮಾಡಿ ಅಂತಿದಾರೆ ಅಂಕಲ್. 'ಕಲ್ಲು ಉಳಿಸ್ಕೊಂಡು ಅಪ್ಪನ್ನ ಉಪವಾಸ ಸಾಯಿಸಲ್ಲ' ಅಂತ."

ಕೆಳಗಿನ ಕಲ್ಲು ಬೇಕಿತ್ತಲ್ಲ. ವರ್ಕ್‌ಶಾಪಿನ ಹಿಂದೆ ಚಾಮರಾಜನಗರದ ಕರಿಕಲ್ಲಿನ ದಪ್ಪ ತುಂಡೊಂದು ಬಿದ್ದಿತ್ತು. ಮಾಲೀಕನನ್ನು ಕೇಳಿ ತೆಗೆದುಕೊಂಡೆ. ಮಿಷನ್ನಿನಲ್ಲಿ ದುಂಡಗೆ ಮಾಡಿ, ಮಿಕ್ಕದ್ದನ್ನು ಕೈಯಲ್ಲೇ ಕುಟ್ಟಿದೆ. ಎಷ್ಟೋ ವರ್ಷಗಳ ಮೇಲೆ ಅಂಥ ಕೆಲಸ. ಮಣಿಕಟ್ಟು ಮರೆತಿರಲಿಲ್ಲ. ನಡುವೆ ಕೀಲ ನಿಲ್ಲಿಸಿ, ಮೇಲಿನ ಕಲ್ಲಿಗೆ ಹಿಡಿಗೂಟ ಕೆತ್ತಿಟ್ಟುಕೊಂಡೆ.

ಬಿಶಾನ್‌ನ ಫ್ಲ್ಯಾಟಿನಲ್ಲಿ ಭಾನುವಾರ ಸುತ್ತಿಗೆ ಹಿಡಿದರೆ ಅಕ್ಕಪಕ್ಕದವರು ಬಿಡುವುದಿಲ್ಲ. ಹಾಗಾಗಿ ಮುದುಕನನ್ನೇ ಟ್ಯಾಕ್ಸಿಯಲ್ಲಿ ಕಾಕಿ ಬುಕಿತ್‌ಗೆ ಕರೆತಂದರು. ಮಿಷನ್ನುಗಳೆಲ್ಲ ನಿಂತಿದ್ದವು. ಮರಳು ತುಂಬಿದ ಚೀಲದ ಮೇಲೆ ಕಲ್ಲನ್ನು ಮಗುಚಿ ಮಲಗಿಸಿ, ಸಣ್ಣ ಚಾಣ ಹಿಡಿದು, ಗೆರೆಯಿಂದ ದೂರದ ಅಂಚಿನಲ್ಲಿ ಶುರು ಮಾಡಿದೆ. ಏಟಿಗೊಮ್ಮೆ ಮೇಡಂ ಕಣ್ಣು ಮುಚ್ಚುತ್ತಿದ್ದರು. ಮುದುಕ ಕಣ್ಣು ಮುಚ್ಚಲಿಲ್ಲ. ನಾನು ಒಂದು ಕಡೆ ಏಟು ತಪ್ಪಿಸಿ ಮುಂದೆ ಹೋದರೆ ಬೆರಳು ತೋರಿಸಿ ಗದರಿದ.

"'ಅಲ್ಲಿ ಬಿಟ್ಟೆ, ಕಳ್ಳಾ' ಅಂತಿದಾರೆ," ಎಂದರು ಮೈಸೂರಮ್ಮ.

"ಅಲ್ಲೇ ಬಿರುಕು ಇರೋದು, ಅಲ್ಲಿಗೆ ಕೈ ಹಾಕಲ್ಲ ಅನ್ನಿ. ಬೇಕಾದ್ರೆ ಬೈಕೊಳ್ಲಿ."

ಕಲ್ಲು ತಡೆದುಕೊಂಡಿತು. ಬ್ರಷ್ಷಿನಿಂದ ಗುಡಿಸಿ, ಕೆಳಗಿನ ಕಲ್ಲಿನ ಮೇಲೆ ಕೂರಿಸಲು ಹೋದೆ. ಮುದುಕ ತಡೆದ. ತೊಡೆಯ ಮೇಲಿನ ಕಂಬಳಿ ತೆಗೆದು ಮಗಳ ಕೈಗೆ ಕೊಟ್ಟ.

"ಇವತ್ತು ಇಲ್ಲಿ ಯಾರೂ ಇಲ್ಲ, ಎಷ್ಟು ಸದ್ದಾದರೂ ಆಗಲಿ ಅನ್ನಿ," ಎಂದೆ.

ಹೇಳಿದರು. ಅವನು ಒಪ್ಪದೆ ತಲೆ ಅಲ್ಲಾಡಿಸಿದ. ಮಗಳು ಸಿಮೆಂಟು ನೆಲದ ಮೇಲೆ ಕಂಬಳಿ ಹಾಸಿದರು. ಅದರ ಮೇಲೆ ಕಲ್ಲು ಜೋಡಿಸಿ ಒಂದು ಹಿಡಿ ಗೋಧಿ ಹಾಕಿದೆ. ಅವನನ್ನು ಕುರ್ಚಿಯಿಂದ ಇಳಿಸಿ ಗೋಡೆಗೆ ಒರಗಿಸಿ ಕೂರಿಸಿದೆವು. ಹಿಡಿಗೂಟ ಹಿಡಿದ. ಕೈಯಲ್ಲಿ ಶಕ್ತಿಯಿರಲಿಲ್ಲ. ಮಗಳು ಅವನ ಕೈಯ ಮೇಲೆ ಕೈಯಿಟ್ಟು ತಿರುಗಿಸಿದರು. ಸದ್ದು ಕಂಬಳಿಯೊಳಕ್ಕೇ ಇಂಗಿತು.

ಕಂದು ಬಣ್ಣದ ಪುಡಿ ಬಿತ್ತು. ಬಟ್ಟೆಯಲ್ಲಿ ಬಾಚಿಕೊಂಡು ಕಸದ ಡಬ್ಬಿಯ ಕಡೆ ಎದ್ದೆ. ಕಚ್ಚು ಹಾಕಿದ ಕಲ್ಲಿನಲ್ಲಿ ಬೀಸಿದ ಮೊದಲ ಹಿಡಿಯನ್ನು ಯಾರೂ ತಿನ್ನುವುದಿಲ್ಲ. ಅದರ ತುಂಬ ಕಲ್ಲಿನ ಪುಡಿ. ನಮ್ಮಲ್ಲಿ ಅದನ್ನು ತಿಪ್ಪೆಗೆ ಚೆಲ್ಲುತ್ತಾರೆ.

ಮುದುಕ ಕೂಗಿಕೊಂಡ. ನನ್ನ ಪ್ಯಾಂಟು ಹಿಡಿದೆಳೆದ.

"ಕಲ್ಲು ಬೆರೆತದೆ, ಚೆಲ್ಲಬೇಕು ಅನ್ನಿ!"

ಮೈಸೂರಮ್ಮ ಹೇಳಿದರು. ಮೇಡಂ ಹೇಳಿದರು. ಅವನು ಉತ್ತರ ಕೊಟ್ಟ. ಅದನ್ನು ಇಂಗ್ಲಿಷಿಗೆ ತರಲು ಮೇಡಮ್ಮಿಗೆ ಹೊತ್ತು ಹಿಡಿಯಿತು.

"'ನಮ್ಮಲ್ಲೂ ಚೆಲ್ತೀವಿ, ಕೋಳಿಗೆ' ಅಂತಾರೆ," ಎಂದು ಮೈಸೂರಮ್ಮ ನನ್ನ ಮುಖ ನೋಡದೆ ಹೇಳಿದರು. "'ಕೋಳಿ ಇಲ್ಲ. ಅಂಗಳ ಇಲ್ಲ. ಎಲ್ಲಿಗೆ ಚೆಲ್ತೀಯ, ಇಲ್ಲಿ ಕೊಡು' ಅಂತಿದಾರೆ."

ಬಟ್ಟೆ ಕಿತ್ತುಕೊಂಡು ಬೊಗಸೆಗೆ ಸುರಿದುಕೊಂಡ. ಬಾಯಿಗೆ ಹಾಕಿಕೊಂಡ. ಮಗಳು ಬೇಡ ಬೇಡ ಎಂದು ಅವನ ಮಣಿಕಟ್ಟು ಹಿಡಿದರು, ಆಮೇಲೆ ಬಿಟ್ಟರು. ಹಲ್ಲಿನ ಕೆಳಗೆ ಕಲ್ಲು ಕರಕರ ಅನ್ನುವುದು ನಮ್ಮೆಲ್ಲರಿಗೂ ಕೇಳಿಸಿತು. ಅಗಿದ, ನುಂಗಿದ, ಕೆಮ್ಮಿದ, ಮತ್ತೆ ಅಗಿದ. ನೀರು ಕೊಡಬೇಕೆಂದು ಸಹ ನಮಗ್ಯಾರಿಗೂ ಹೊಳೆಯಲಿಲ್ಲ. ಎರಡನೆಯ ಹಿಡಿ ಒಳ್ಳೆಯ ಹಿಟ್ಟಾಗಿ ಬಿತ್ತು. ಆ ಸಂಜೆ ರೊಟ್ಟಿ ಸುಟ್ಟರಂತೆ. ಒಂದೆರಡು ತುತ್ತು ತಿಂದು ಸಾಕು ಎಂದನಂತೆ.

ಪಕ್ಕದ ದೇಶದ ಕಾಡು ಸುಟ್ಟ ಹೊಗೆ ಸಿಂಗಾಪುರವನ್ನೆಲ್ಲ ಕವಿದಿದ್ದ ದಿನಗಳಲ್ಲಿ ಅವನು ತೀರಿಕೊಂಡ. ಇಲ್ಲಿ ಜಾಗ ಕಡಿಮೆ. ಮಣ್ಣು ಮಾಡಿದವರನ್ನೂ ಕೆಲವು ವರ್ಷಗಳ ಮೇಲೆ ತೆಗೆದು ಬೇರೆಯವರ ಜೊತೆ ಸೇರಿಸುತ್ತಾರೆ. "ಅಲ್ಲೂ ಪರ್ಮನೆಂಟ್ ಇಲ್ಲ ಅಂಕಲ್," ಎಂದರು ಮೈಸೂರಮ್ಮ ಫೋನಿನಲ್ಲಿ. ಅದರಲ್ಲಿ ತಮಾಷೆಯಿರಲಿಲ್ಲ.

ಆಮೇಲೆ ಮೇಡಂ ಕರೆಸಿದರು. ಗೋಡೆಗೆ ಒಂದು ಕಲ್ಲಿನ ಹಲಗೆ ಕೂರಿಸಿ, ಅದರ ಮೇಲೆ ಆ ಕಲ್ಲನ್ನು ಇಡಬೇಕಂತೆ. ಹಲಗೆ ಕೂರಿಸಿದೆ. ಕಲ್ಲನ್ನು ಎತ್ತಿಕೊಂಡು, ಯಾವ ಮುಖ ಮೇಲೆ ಬರಬೇಕು ಎಂದು ನನಗೆ ಬರುವ ಇಂಗ್ಲಿಷಿನಲ್ಲೇ ಕೇಳಿದೆ. ಮೇಡಂ ಅಕ್ಷರದ ಮುಖವನ್ನು ಮುಟ್ಟಿ ತೋರಿಸಿದರು. ನೋಡಿದವರು ಕೇಳುತ್ತಾರೆ, ಆಗ ಊರಿನ ಹೆಸರು ಹೇಳಬಹುದು ಎಂದರು. ನನ್ನ ಕಚ್ಚುಗಳು ಅಡಿಯಾದವು. ಅದು ಸರಿಯೇ.

ಅಡಿಯ ಮುಖದಲ್ಲಿ, ಕಚ್ಚಿನ ಸಂದುಗಳಲ್ಲಿ, ಅವತ್ತಿನ ಹಿಟ್ಟು ಇನ್ನೂ ಹಾಗೇ ಕೂತಿತ್ತು. ಅಭ್ಯಾಸದಂತೆ ಕೈ ಬ್ರಷ್ಷಿಗೆ ಹೋಯಿತು. ಮೇಡಂ ನನ್ನ ಕೈ ಹಿಡಿದುಕೊಂಡರು, ಅವರಪ್ಪ ಹಿಡಿದ ಹಾಗೆಯೇ, ಮೊಣಕೈ ಹತ್ತಿರ.

ಬ್ರಷ್ಷನ್ನು ಚೀಲಕ್ಕೆ ಹಾಕಿಕೊಂಡೆ. ಕಲ್ಲನ್ನು ಗುಡಿಸದೆ, ಒರೆಸದೆ, ಹಿಟ್ಟಿನ ಸಮೇತ ಹಾಗೆಯೇ ಇಟ್ಟು ಬಂದೆ.