ತಲೆ ಕಡಿದ ಮೂರು ಗೇರುಮರಗಳು

ತೋಟಗಾರಿಕೆಯಲ್ಲಿ ಪದವಿ ಮುಗಿಸಿದ ನಮ್ಮಲ್ಲಿ ಕೆಲವರು ಬ್ಯಾಂಕಿಗೆ ಹೋದರು, ಕೆಲವರು ಗೊಬ್ಬರದ ಕಂಪನಿ ಸೇರಿದರು. ನಾನು ಕಸಿ ಕಟ್ಟುವ ಚಾಕು ಹಿಡಿದು ಕಾಣಿಯೂರಿಗೆ ವಾಪಸು ಬಂದು ನರ್ಸರಿ ಮಾಡಿದೆ. ನನ್ನ ಅನ್ನವೆಲ್ಲ ಬಲಗೈಯ ಹೆಬ್ಬೆರಳಲ್ಲೇ ಇತ್ತು ಎನ್ನಿ.

ಮೊದಲ ದೊಡ್ಡ ಕೆಲಸ ಕೊಟ್ಟವರು ಪೆರಾಬೆಯ ಒಬ್ಬ ಕೃಷಿಕರು. ಮುದಿ ಗೇರುಮರವನ್ನು ಸೊಂಟದೆತ್ತರಕ್ಕೆ ಕತ್ತರಿಸಿದರೆ ಬೊಡ್ಡೆಯಿಂದ ಹೊಸ ಚಿಗುರು ಬರುತ್ತದೆ. ಆ ಚಿಗುರಿಗೆ ಒಳ್ಳೆಯ ತಳಿಯ ಕಡ್ಡಿ ಕಸಿ ಮಾಡಬೇಕು. ಆರ್‌ಟಿಸಿ ನೋಡಿದೆ, ಜಾಗ ಅವರದ್ದೇ. ಯಂತ್ರದ ಗರಗಸ ಹಚ್ಚಿದೆ. ಮರಗಳು ಒಂದರ ಮೇಲೊಂದು ಉರುಳಿ ಬಿದ್ದವು.

ಕೇಳದೆ ಬಿಟ್ಟದ್ದು ಒಂದೇ ಪ್ರಶ್ನೆ: ಮರ ಯಾರದ್ದು? ನಮ್ಮ ಕಡೆ ಪಾಲಾಗುವಾಗ ಮಣ್ಣು ಒಬ್ಬರಿಗೆ, ಅದರಲ್ಲಿರುವ ಮರದ ಫಲ ಇನ್ನೊಬ್ಬರಿಗೆ ಎಂದು ಬಾಯಿಮಾತಿನಲ್ಲೇ ತೀರ್ಮಾನ ಆಗುವುದುಂಟು. ಅದು ಯಾವ ದಾಖಲೆಯಲ್ಲೂ ಸಿಗದು. ಕೊನೆಯ ಸಾಲಿನ ಮೂರು ಮರ ಆ ಕೃಷಿಕರ ಅಕ್ಕನಿಗೆ ಸೇರಿದ್ದವು. ತಮ್ಮನಿಗೆ ಗೊತ್ತಿತ್ತು, ಹೇಳಲಿಲ್ಲ.

ಮಾರನೇ ಬೆಳಿಗ್ಗೆ ಆ ಅಕ್ಕ ಕತ್ತಿ ಹಿಡಿದು ನರ್ಸರಿಗೆ ಬಂದರು. ಅರವತ್ತು ದಾಟಿದ ಹೆಂಗಸು. ಸಾಲಾಗಿಟ್ಟ ಕಸಿ ಗಿಡಗಳ ಕುತ್ತಿಗೆ ಹಾರಿಸುತ್ತಲೇ ಬಂದರು. ಬಲಗೈ ಅಡ್ಡ ಹಿಡಿದೆ. ಕತ್ತಿ ಹೆಬ್ಬೆರಳ ಬುಡಕ್ಕೆ ಇಳಿದು ಎಲುಬಿಗೆ ತಾಗಿದ ಸದ್ದು ನನಗೇ ಕೇಳಿಸಿತು.

"ನಿನ್ನ ಕಾಲೇಜಲ್ಲಿ ಕೊಲ್ಲುದು ಮಾತ್ರ ಕಲಿಸುದಾ?"

"ಸತ್ತಿಲ್ಲ ಅಕ್ಕ, ಮರ ಚಿಗುರ್ತದೆ" ಎಂದೆ. ಅವರು ನನ್ನ ಕಾಲಬುಡಕ್ಕೆ ಉಗುಳಿ ಹೋದರು.

ಪುತ್ತೂರಿನ ಆಸ್ಪತ್ರೆಯಲ್ಲಿ ನರ ಜೋಡಿಸಿದರು. ಬೆರಳು ಮಡಚುವುದು ಸಂಶಯ ಎಂದರು. ಅದೇ ಸಂಜೆ ಅಕ್ಕ ಒನಕೆಯಿಂದ ತಮ್ಮನ ಎರಡು ಹಲ್ಲು ಉದುರಿಸಿದ ಸುದ್ದಿ ವಾರ್ಡಿಗೇ ಬಂತು. ಪೊಲೀಸರು ಕೇಳಿದಾಗ ನಾನು ದೂರು ಕೊಡಲಿಲ್ಲ. ಕೇಳದೆ ಕಡಿದವನು ನಾನು.

ಎರಡು ತಿಂಗಳಲ್ಲಿ ಬೊಡ್ಡೆಗಳು ಚಿಗುರಿದವು. ಕಸಿ ಕಟ್ಟಲು ಬಾ ಎಂದು ಅಕ್ಕ ಹೇಳಿ ಕಳುಹಿಸಿದರು. ಚಿಗುರು ಬಲಿತರೆ ಕಸಿ ಹಿಡಿಯದು, ಹೋಗಲೇಬೇಕಾಯಿತು. ಚಾಕು ನನ್ನ ಕೈಯಿಂದ ಮೂರು ಸಲ ಜಾರಿತು. ಮೂರನೇ ಸಲ ಅಕ್ಕನೇ ಹೆಕ್ಕಿಕೊಂಡರು.

"ಎಷ್ಟು ಸೀಳುದು, ಹೇಳು ಮಾರಾಯ."

ಹೇಳಿದೆ. ಕೋಳಿ ಕೊಯ್ಯುವವರ ಹಾಗೆ ಸೀಳಿ ಐದು ಚಿಗುರು ಹಾಳು ಮಾಡಿದರು. ಬೇಲಿಯಾಚೆ ನಿಂತು ಅವರ ತಮ್ಮ ನಕ್ಕಾಗ ಅಕ್ಕ ಚಾಕು ಎತ್ತಿ ತೋರಿಸಿದರು, ತಮ್ಮ ಹೊರಟುಹೋದರು. ಆಮೇಲೆ ಕಟ್ಟಿದ್ದರಲ್ಲಿ ನಾಲ್ಕು ಹಿಡಿದವು.

ಹೆಬ್ಬೆರಳು ಇಂದಿಗೂ ಮಡಚುವುದಿಲ್ಲ. ಈಗ ನರ್ಸರಿಯಲ್ಲಿ ನಾನು ಕಡ್ಡಿ ಆರಿಸಿ ಕೊಡುತ್ತೇನೆ, ಕೆಲಸಕ್ಕೆ ಬರುವ ಆ ಅಕ್ಕ ಸೀಳುತ್ತಾರೆ. ಅವರು ಚಾಕು ಮಸೆಯುವಾಗ ಮಾತ್ರ ನಾನು ಸ್ವಲ್ಪ ದೂರ ಕೂರುತ್ತೇನೆ.