ನಲವತ್ತೊಂದನೇ ಸ್ಥಾನದ ಸುತ್ತಿಗೆ

ಹಿಲ್ಡಾ ಟ್ರೋಮನ್ಸ್‌ಳ ಕಿವಿಯ ಬಗ್ಗೆ ಇಂಗ್ಲೆಂಡಿನ ನಮ್ಮ ಟಿಪ್ಟನ್ ಊರಿನಲ್ಲಿ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಅವಳ ಟೋಪಿ, ಅವಳ ನಡಿಗೆ, ಅವಳು ಸುಡುವ ಕಲ್ಲಿನಂಥ ಕೇಕು, ಎಲ್ಲವನ್ನೂ ಆಡಿಕೊಂಡಿದ್ದಾರೆ. ಕಿವಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಪ್ರಾರ್ಥನಾ ಮಂದಿರದಲ್ಲಿ ನಲವತ್ತು ಜನ ಹಾಡುವಾಗ ಹಿಂದಿನ ಸಾಲಿನಲ್ಲಿ ಯಾರ ಶ್ರುತಿ ಇಳಿಯಿತು ಎಂದು ತಿರುಗಿ ನೋಡದೆ ಹೇಳುತ್ತಿದ್ದಳು. ಆ ಮನುಷ್ಯ ಮುಂದಿನ ಭಾನುವಾರ ಮುಖ ಮರೆಸಿಕೊಂಡು ಕೂರುತ್ತಿದ್ದ.

ಆ ಕಿವಿಯೇ ಅವಳಿಗೆ ಹತ್ತೊಂಬತ್ತು ವರ್ಷ ಅನ್ನ ಹಾಕಿತು. ಕಾಲುವೆಯ ಆಚೆ, ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿಟ್ಟು ಹಾಡಿನ ರೆಕಾರ್ಡು ಒತ್ತುವ ಕಾರ್ಖಾನೆ. ಒತ್ತಿದ ಪ್ರತಿ ನೂರು ರೆಕಾರ್ಡಿಗೆ ಒಂದನ್ನು ಇನ್ನೂ ಬೆಚ್ಚಗಿರುವಾಗಲೇ ಹಿಲ್ಡಾಳ ಗಾಜಿನ ಕೋಣೆಗೆ ತರುತ್ತಿದ್ದರು. ಅವಳು ಕೊನೆಯತನಕ ಕೇಳಬೇಕು. ಎಲ್ಲಾದರೂ ಟಿಕ್ ಅಂದರೆ, ಬುಸ್ ಅಂದರೆ, ಕೆಂಪು ಗುಂಡಿ ಒತ್ತಬೇಕು. ಯಂತ್ರ ನಿಲ್ಲುತ್ತದೆ, ಅಚ್ಚು ಬದಲಾಗುತ್ತದೆ. ಈಚಿನ ವರ್ಷಗಳಲ್ಲಿ ಬರುತ್ತಿದ್ದುದೆಲ್ಲ ಕಿವಿಗಡಚಿಕ್ಕುವ ಗಿಟಾರಿನ ಹೆವಿ ಮೆಟಲ್ ಹಾಡುಗಳು. ಚರ್ಮದ ಕೋಟಿನ ಉದ್ದಗೂದಲ ಹುಡುಗರು, ಹೆಚ್ಚಿನವರು ಇಲ್ಲೇ ಸುತ್ತಮುತ್ತಲಿನವರು.

"ತಲೆ ಸಿಡಿಯಲ್ವೇನೇ ಹಿಲ್ಡಾ?" ಎಂದು ಊಟದ ಹೊತ್ತಿನಲ್ಲಿ ಹೆಂಗಸರು ಕೇಳುತ್ತಿದ್ದರು.

"ಮೂವತ್ತು ವರ್ಷ ಕುಲುಮೆ ಪಕ್ಕ ಸಂಸಾರ ಮಾಡಿದೋಳು ಕಣೇ ನಾನು. ಇದು ನಂಗೆ ಜೋಗುಳ" ಎನ್ನುತ್ತಿದ್ದಳು ಅವಳು.

ಸುಳ್ಳಲ್ಲ. ಅವಳ ಗಂಡ ಹೊರೇಸ್, ಮನೆಯ ಹಿತ್ತಲಿಗೆ ಅಂಟಿಕೊಂಡಂತಿದ್ದ ನೋಕ್ಸ್ ಕುಲುಮೆಯಲ್ಲಿ ದೊಡ್ಡ ಸುತ್ತಿಗೆ ನಡೆಸುತ್ತಿದ್ದವ. ಕೈಯಲ್ಲಿ ಹಿಡಿಯುವ ಸುತ್ತಿಗೆಯಲ್ಲ, ಎರಡಾಳೆತ್ತರದ ಯಂತ್ರ. ಅದು ಬಿದ್ದರೆ ಬೀದಿಯ ಎಲ್ಲ ಮನೆಗಳ ಕಪ್ಪುಗಳು ಕಿಣಿಕಿಣಿ ಎನ್ನುತ್ತಿದ್ದವು. ಅದು ಅವನ ಕಿವಿಯನ್ನು ತಿಂದುಹಾಕಿತ್ತು. ಗಂಡ ಹೆಂಡಿರು ತುಟಿ ನೋಡಿಕೊಂಡೇ ಮಾತಾಡುತ್ತಿದ್ದರು, ಜಗಳವನ್ನೂ ಹಾಗೇ ಆಡುತ್ತಿದ್ದರು. ಎಂಬತ್ತೊಂದರ ಏಪ್ರಿಲಿನಲ್ಲಿ, ಈಸ್ಟರ್ ಹಬ್ಬಕ್ಕೆ, ಕುಲುಮೆ ಮುಚ್ಚಿತು. ಸುತ್ತಿಗೆಯನ್ನು ತುಂಡು ತುಂಡು ಮಾಡಿ ಗುಜರಿಗೆ ಸಾಗಿಸಿದರು. ಅಂದಿನಿಂದ ಹೊರೇಸ್ ಕುಲುಮೆ ಕಡೆಯ ಕಿಟಕಿಗೆ ಬೆನ್ನು ಹಾಕಿ ಕೂತ. ಪಬ್ಬಿಗೂ ಹೋಗಲಿಲ್ಲ, ಸಾಕಿದ್ದ ಪಾರಿವಾಳಗಳನ್ನೂ ಮಾರಿಬಿಟ್ಟ. ಹಿಲ್ಡಾಳಿಗೆ ಅದನ್ನು ನೋಡುವುದೇ ಸಂಕಟ.

ಆ ಅಕ್ಟೋಬರಿನಲ್ಲಿ 'ಸಿಂಡರ್ ಹಿಲ್' ಎಂಬ ನಮ್ಮೂರ ತಂಡದ ಮೊದಲ ಆಲ್ಬಮ್ ಒತ್ತಲು ಬಂತು. ಗುರುವಾರದ ಲಾರಿಗೆ ಹತ್ತಿದರೆ ಸೋಮವಾರ ದೇಶದ ಅಂಗಡಿಗಳಲ್ಲಿರುತ್ತದೆ. ಆ ವಾರವೇ ಹುಡುಗರು ಊರೂರು ಹಾಡಲು ಹೊರಡುವವರು. ಜನರ ಹುರುಪು ಬಿಸಿಯಾಗಿರುವಾಗ ಮಾರಾಟವಾದರೆ ಮಾತ್ರ, ದೇಶದಲ್ಲಿ ಹೆಚ್ಚು ಖರ್ಚಾದ ರೆಕಾರ್ಡುಗಳ ವಾರದ ಪಟ್ಟಿಯಲ್ಲಿ ಹೆಸರು. ಒಂದು ವಾರ ತಪ್ಪಿದರೆ ಎಲ್ಲ ತಣ್ಣಗೆ.

ಬುಧವಾರ ಹಿಲ್ಡಾ ಅದನ್ನು ಕೇಳಿ ಪಾಸು ಮಾಡಿದಳು. ಅಂದು ಬೆಳಿಗ್ಗೆ ಅವಳಿಗೆ ಯಾಕೋ ಮನಸ್ಸು ಹಗುರ. ಬಹಳ ತಿಂಗಳಾದ ಮೇಲೆ ಗುನುಗಿಕೊಂಡಳು. ಅಷ್ಟರಲ್ಲಿ ಹೊಸ ಮೇಲ್ವಿಚಾರಕ ಕೀತ್ ಹ್ಯಾಡ್ಲಿ ಬಾಗಿಲು ತಳ್ಳಿಕೊಂಡು ಬಂದ.

"ಮಿಸೆಸ್ ಟ್ರೋಮನ್ಸ್, ಯಂತ್ರ ಎಲ್ಲಾ ನಿಲ್ಲಿಸಿದೀನಿ. ಎರಡನೇ ಬದಿ ಶುರುವಿನಲ್ಲೇ ಧಡ್ ಧಡ್ ಅಂತಿದೆ. ನಿಮಗೆ ಕೇಳಿಸ್ಲಿಲ್ವಾ?"

"ಏನೂ ಇಲ್ಲ ಅಲ್ಲಿ."

"ಇನ್ನೊಂದ್ಸಲ ಹಾಕಿ." ಹಾಕಿದಳು. ಅವನು ಬೆರಳೆತ್ತಿ ತೋರಿಸಿದ: "ಈಗ... ಈಗ... ಇಗೋ, ಈಗ!"

ಈ ಸಲ ಅವಳಿಗೂ ಕೇಳಿಸಿತು. ಇತ್ತು. ಗಿಟಾರಿನ ಅಡಿಯಲ್ಲಿ, ಮೆತ್ತಗೆ, ಸ್ಪಷ್ಟವಾಗಿ ಇತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಕಿವಿ ಕೈಕೊಟ್ಟಿತ್ತು.

"ನಾಚಿಕೆ ಪಡೋದು ಬೇಡ" ಎಂದ ಕೀತ್, ಮೆದುವಾಗಿಯೇ. "ಐವತ್ತೇಳಾಯ್ತಲ್ಲ ನಿಮಗೆ. ಕಿವೀನೂ ದಣಿಯುತ್ತೆ. ಪ್ಯಾಕಿಂಗ್ ಕಡೆ ಹಾಕಿಸ್ಕೊಡ್ತೀನಿ."

ಹಿಲ್ಡಾ ಮೂರನೇ ಸಲ ಹಾಕಿದಳು. ಎರಡು ಹಗುರ, ಒಂದು ಭಾರ, ಸ್ವಲ್ಪ ತಡೆ. ಎರಡು ಹಗುರ, ಒಂದು ಭಾರ. ತಾನು ಯಾಕೆ ಕೇಳಿಸಿಕೊಳ್ಳಲಿಲ್ಲ ಎಂಬುದು ಆಗ ಗೊತ್ತಾಯಿತು. ಮೂವತ್ತು ವರ್ಷ ಅದು ಅವಳಿಗೆ ಸದ್ದೇ ಆಗಿರಲಿಲ್ಲ, ಮನೆಯಾಗಿತ್ತು.

"ನಂಗೆ ಕೇಳಿಸ್ಲಿಲ್ಲ, ನಿಜ. ಅದನ್ನ ಬರ್ಕೋ" ಎಂದಳು. "ಆದ್ರೆ ಇದು ಅಚ್ಚಿನ ದೋಷ ಅಲ್ಲ ಮಗನೇ. ಸೀಮೆಸುಣ್ಣ ಕೊಡು."

ರೆಕಾರ್ಡಿನ ನಡುವಿನ ಕಾಗದದ ಮೇಲೆ ಒಂದು ಗೆರೆ ಎಳೆದಳು. ಅಚ್ಚಿನಲ್ಲಿ ಗಾಯವಿದ್ದರೆ ಸುತ್ತು ಸುತ್ತಿಗೂ ಅದೇ ಜಾಗದಲ್ಲಿ ಸದ್ದು ಬರಬೇಕು. ಇಬ್ಬರೂ ಬಾಗಿ ನೋಡಿದರು. ಧಡ್ ಎಂದಾಗ ಗೆರೆ ಒಮ್ಮೆ ಬಾಗಿಲ ಕಡೆ, ಒಮ್ಮೆ ಗೋಡೆಯ ಕಡೆ, ಒಮ್ಮೆ ಕೀತನ ಹೊಟ್ಟೆಯ ಕಡೆ.

"ಹಾಗಾದ್ರೆ ಆ ಹುಡುಗರು ಕಳಿಸಿದ ಮೂಲ ಟೇಪೇ ಕೆಟ್ಟಿದೆ."

"ಕೆಟ್ಟಿಲ್ಲ. ನೋಕ್ಸ್ ಕುಲುಮೆ ಸುತ್ತಿಗೆ ಅದು. ಆ ತಡೆ ಇದ್ಯಲ್ಲ, ಅದು ಕೆಂಪು ಕಬ್ಬಿಣ ಹೊರಳಿಸೋ ಹೊತ್ತು."

"ಆ ಸುತ್ತಿಗೆ ಗುಜರಿಗೆ ಹೋಗಿ ಆರು ತಿಂಗಳಾಯ್ತು ಮಿಸೆಸ್ ಟ್ರೋಮನ್ಸ್!" ಕೀತನ ದನಿಯಲ್ಲಿ ಈಗ ಕನಿಕರವಿತ್ತು. ಅದು ಅವಳಿಗೆ ಬೈಗುಳಕ್ಕಿಂತ ಕೆಟ್ಟದಾಗಿ ಚುಚ್ಚಿತು.

"ಆ ಹುಡುಗರಿಗೆ ಫೋನ್ ಮಾಡು. ನಂದು ತಪ್ಪಾಗಿದ್ರೆ ಇವತ್ತೇ ಕೋಟು ಹಾಕ್ಕೊಂಡು ಮನೆಗೆ ಹೋಗ್ತೀನಿ, ಪ್ಯಾಕಿಂಗೂ ಬೇಡ ಏನೂ ಬೇಡ."

ಕೀತ್ ಫೋನು ಮಾಡಿದ. ತಂಡದ ಡ್ರಮ್ಮರ್ ಸಿಕ್ಕಿದ. ಅವನ ಬಾಯಿಯೋ, ಮೂರು ಮಾರು ದೂರ ನಿಂತ ಹಿಲ್ಡಾಳಿಗೂ ಕೇಳಿಸುವಂಥದ್ದು.

"ಅಯ್ಯೋ, ಅದು ಕೇಳಿಸ್ತಿದ್ಯಾ? ಫೆಬ್ರವರೀಲಿ ರೆಕಾರ್ಡ್ ಮಾಡಿದ್ದು ಗುರೂ, ಕುಲುಮೆ ಹಿಂದೆ ಚರ್ಚಿನೋರ ಹಳೇ ಭಾನುವಾರದ ಶಾಲೆ ಇದ್ಯಲ್ಲ, ಅಲ್ಲಿ. ಹತ್ತು ಸಲ ಪ್ರಯತ್ನಪಟ್ವಿ, ಸುತ್ತಿಗೆ ನಡೆಸೋ ಆ ಮುದುಕ ನಿಲ್ಲಿಸ್ಲೇ ಇಲ್ಲ! ಕೊನೆಗೆ ನಾನೇ ಸೋತು ಅವನ ತಾಳಕ್ಕೆ ಬಾರಿಸ್ದೆ. ಇಡೀ ಹಾಡು ಅವನದೇ ನಡೆ. ತೆಗೀಬೇಡ್ರಪ್ಪ, ತೆಗೆದ್ರೆ ಹಾಡೇ ಬಿದ್ದೋಗುತ್ತೆ!"

ಕೀತ್ ಫೋನಿಟ್ಟ. ಆಮೇಲೆ ತಾನೇ ಹೋಗಿ ಯಂತ್ರಗಳನ್ನು ಹೊರಡಿಸಿದ. ಹಿಂದಿರುಗಿ ಬಂದು ಅವಳ ಮುಂದೆ ಚಹಾ ಇಟ್ಟ, ಎರಡು ಬಿಸ್ಕತ್ತಿನ ಸಮೇತ. ಅವನ ಕ್ಷಮಾಪಣೆ ಅಷ್ಟೇ. ಹಿಲ್ಡಾಳಿಗೆ ಅಷ್ಟು ಸಾಕಾಯಿತು.

ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಪಟ್ಟಿ ಬರಲಿ ಎಂದು ಕಾದಳು. ಪಟ್ಟಿ ಪತ್ರಿಕೆಯಲ್ಲಿ ಬಂದ ದಿನ ಒಂದು ರೆಕಾರ್ಡನ್ನೂ ಪತ್ರಿಕೆಯನ್ನೂ ಚೀಲದಲ್ಲಿ ಹಾಕಿಕೊಂಡು ಓಡೋಡುತ್ತ ಬಂದಳು. ಹೊರೇಸ್ ಎಂದಿನಂತೆ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಅವನ ಕೈ ಹಿಡಿದು ಎಬ್ಬಿಸಿ, ಅಂಗೈಯನ್ನು ಸ್ಪೀಕರಿನ ಮರದ ಪೆಟ್ಟಿಗೆಯ ಮೇಲೆ ಒತ್ತಿಸಿ, ರೆಕಾರ್ಡಿನ ಎರಡನೇ ಬದಿ ಹಾಕಿ ಸದ್ದನ್ನು ಪೂರ್ತಿ ಏರಿಸಿದಳು. ಕಪಾಟಿನಲ್ಲಿ ಕಪ್ಪುಗಳು ಕಿಣಿಕಿಣಿ ಎಂದವು.

"ಇದೇನೇ ಹುಚ್ಚಾಟ?" ಎಂದ ಹೊರೇಸ್. ಆಮೇಲೆ ಅವನ ಬೆರಳುಗಳು ಅಗಲವಾದವು. ಎರಡು ಹಗುರ, ಒಂದು ಭಾರ, ತಡೆ. ಅವನ ಭುಜ ತಾನಾಗಿಯೇ ಹೊರಳಿತು, ಕಬ್ಬಿಣ ಹೊರಳಿಸುವವನ ಭುಜ.

"ನಂದು" ಎಂದ. ದನಿ ಒಡೆದಿತ್ತು. ಮತ್ತೆ ಸ್ವಲ್ಪ ಹೊತ್ತಿಗೆ, "ಇಲ್ಲಿ ತಡ ಮಾಡಿದೀನಿ ನೋಡು. ಕಬ್ಬಿಣ ಆರಿತ್ತು."

ಹಿಲ್ಡಾ ಕಣ್ಣೊರೆಸಿಕೊಂಡು ಪತ್ರಿಕೆ ಬಿಡಿಸಿ ಬೆರಳಿಟ್ಟಳು. ಇಡೀ ಬ್ರಿಟನ್ನಿನ ಪಟ್ಟಿಯಲ್ಲಿ ಸಿಂಡರ್ ಹಿಲ್, ನಲವತ್ತೊಂದನೇ ಸ್ಥಾನ. ಹೊರೇಸ್ ಕನ್ನಡಕ ಹುಡುಕಿ ಹಾಕಿಕೊಂಡ. ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದ. ಕೋಟು ತೆಗೆದುಕೊಂಡ, ಪತ್ರಿಕೆಯನ್ನು ಮಡಿಚಿ ಜೇಬಿಗಿಟ್ಟ, ಏಪ್ರಿಲಿನಿಂದ ಕಾಲಿಡದ ಪಬ್ಬಿನ ದಾರಿ ಹಿಡಿಯಲು ಬಾಗಿಲು ತೆರೆದ.

"ಅಲ್ಲ ಕಣೇ," ಎಂದ ಹೊಸ್ತಿಲಲ್ಲಿ ತಿರುಗಿ, "ಮೇಲಿರೋ ಆ ನಲವತ್ತು ಜನ ಯಾವ ಸುತ್ತಿಗೆ ಇಟ್ಕೊಂಡಿದಾರಂತೆ?"