ದೃಷ್ಟಿ ತೆಗೆಯುವ ಬೆರಳುಗಳು

“ಅವ್ವಾ, ನಿಂಬೆವ್ವಾಯಿ ತುಟಿಗಿ ಮಸಿ ಯಾರ್ ಹಚ್ಚ್ಯಾರ?”

ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಮಗಳು ಸುಭದ್ರಾ ಕೇಳಿದಳು. ಯಾರೂ ಹಚ್ಚಿಲ್ಲ ಎಂದೆ. “ಮತ್ತ ತಮ್ಮಗ ಎರೀಲಾಕ ಯಾಕ ಬರವಲ್ಲಳು?” ಅತ್ತೆ ಕಸ್ತೂರಿಬಾಯಿ ಅಲ್ಲೇ ಕುಳಿತಿದ್ದರು. ನಾನು ರೊಟ್ಟಿ ಮಗುಚಿದೆ.

ನಮ್ಮ ಮಣ್ಣೂರಲ್ಲಿ ನಿಂಬೆವ್ವ ನೀರೆರೆಯದ ಕೂಸು ಕಡಿಮೆ. ಗಂಡ ತೀರಿಕೊಂಡ ಮೇಲೆ ಅದೇ ಅವಳ ಅನ್ನ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕೈಯಿಂದ ನೀರಿನ ಹದ ನೋಡಿ, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಳ್ಳುವಳು. “ಅಳು ಲೇ, ಅಳು, ಎದಿ ಗಟ್ಟಿ ಆಗ್ಲಿ!” ಎನ್ನುವಳು. ಲೋಬಾನದ ಹೊಗೆ ಹಾಕಿದ ಮೇಲೆ ಉಪ್ಪು, ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿ, ಕೂಸಿನ ಕೆನ್ನೆ ಮುಟ್ಟಿದ ಬೆರಳುಗಳನ್ನು ತನ್ನ ತುಟಿಗೆ ಒತ್ತಿಕೊಳ್ಳುವಳು.

ಕಪ್ಪು ಮಚ್ಚೆ ಬಿದ್ದದ್ದು ಸರಿಯಾಗಿ ಆ ಬೆರಳುಗಳಿಗೆ, ಆ ತುಟಿಗೆ. ಮೊದಲು ಕೆಂಪಾಗಿ ಉರಿದು, ಬೊಬ್ಬೆ ಎದ್ದು, ಆಮೇಲೆ ಕಪ್ಪಾಗುತ್ತಿತ್ತು. ಮಾಸಿತು ಎನ್ನುವಾಗ ಮತ್ತೆ ಅದೇ ಜಾಗದಲ್ಲಿ ಇನ್ನೂ ಕಪ್ಪಾಗಿ ಬರುತ್ತಿತ್ತು. ನಿಂಬೆವ್ವನಿಗೆ ಅನುಮಾನವೇ ಇರಲಿಲ್ಲ. “ಕೂಸುಗಳ ದೃಷ್ಟಿ ನಾ ತಗೊಂಡೇನಿ. ನನ್ನ ಮ್ಯಾಲ ಕುಂತದ” ಎನ್ನುತ್ತಿದ್ದಳು, ತುಸು ಹೆಮ್ಮೆಯಿಂದಲೇ.

ಆ ಮಾತೇ ಅವಳಿಗೆ ಮುಳುವಾಯಿತು. “ದೃಷ್ಟಿ ಆಕಿ ಕೈಯಾಗೇ ಕುಂತದಂದ್ರ, ಆ ಕೈಲೇ ನಮ್ಮ ಕೂಸಿಗಿ ಎರೀಬೇಕೇನು?” ಎಂದರು ಅತ್ತೆ. ಕೆಲವರು ದೊಡ್ಡ ರೋಗ, ಕುಷ್ಠ ಎಂದೂ ಪಿಸುಗುಟ್ಟಿದರು. ಒಂದೊಂದೇ ಮನೆಯ ಬಚ್ಚಲು ಅವಳಿಗೆ ಮುಚ್ಚಿತು.

ಒಂದು ಮುಂಜಾನೆ ಅವಳು ತುಟಿ ಬಾತು ನಮ್ಮ ಅಂಗಳದಲ್ಲಿ ನಿಂತಿದ್ದಳು. ಕೈ ಸೆರಗಿನೊಳಗೆ. “ಮುಟ್ಟಂಗಿಲ್ಲ ಯವ್ವಾ, ದೂರಿಂದ ನೋಡಿ ಹೋಗ್ತೇನಿ.”

ನಾನು ಕೂಸಿಗೆ ಲಸಿಕೆ ಹಾಕಿಸಲು ಅಫಜಲಪುರಕ್ಕೆ ಹೊರಟಿದ್ದೆ. “ನಡಿ ಆಯಿ, ಡಾಕ್ಟರಿಗಿ ತೋರಿಸ್ಕೊಂಡು ಬರೋಣು.”

“ದೃಷ್ಟಿಗಿ ಡಾಕ್ಟರ್ ಏನ್ ಮಾಡ್ತಾರ?”

“ಬಸ್ಸಿನಾಗ ಕೂಸಿಗಿ ಹಿಡ್ಯಾಕರ ಬಾ.”

“ನಿಮ್ಮತ್ತಿ?”

“ಅತ್ತಿ ಬಸ್ಸಿನಾಗ ಇರಂಗಿಲ್ಲ.”

ದಾರಿಯುದ್ದಕ್ಕೂ ಕೂಸು ಅವಳ ತೊಡೆಯ ಮೇಲೆ ನಿದ್ದೆ ಮಾಡಿತು.

ದವಾಖಾನೆಯಲ್ಲಿ ಡಾಕ್ಟರಮ್ಮ ಮಚ್ಚೆಯ ಮೇಲೆ ಹತ್ತಿ ಆಡಿಸಿದರು. “ಗೊತ್ತಾಗ್ತದೇನು?”

“ಕಚಗುಳಿ ಆಗ್ತದ್ರಿ!”

“ಉರಿ ಏಳೂದಕ್ಕ ಮೊದ್ಲು ಗುಳಿಗಿ ನುಂಗಿದ್ದೇನು?”

ನಿಂಬೆವ್ವ ಸೆರಗಿನ ಗಂಟು ಬಿಚ್ಚಿದಳು. ಕಿರಾಣಿ ಅಂಗಡಿಯ ಬಿಳಿ ಗುಳಿಗೆಗಳು. ನೀರಲ್ಲಿ ಕೂತು ಜ್ವರ ಬಂದಾಗ, ಹೊಟ್ಟೆ ಕೆಟ್ಟಾಗ ಒಂದು. ಮಚ್ಚೆ ಉರಿದರೆ ಅದಕ್ಕೂ ಎರಡು!

“ಇದು ದೃಷ್ಟಿ ಅಲ್ಲ, ದೊಡ್ಡ ರೋಗನೂ ಅಲ್ಲ. ಇದರಾಗ ಸಲ್ಫಾ ಅಂತ ಔಷಧ ಅದ. ಎಲ್ಲಾರಿಗೂ ಹಿಂಗ ಆಗಂಗಿಲ್ಲ, ನಿಮಗ ಒಗ್ಗಂಗಿಲ್ಲ. ನುಂಗಿದಾಗೆಲ್ಲ ಹಳೇ ಜಾಗಾದಾಗೇ ಏಳ್ತದ. ಯಾರಿಗೂ ಹತ್ತಂಗಿಲ್ಲ. ಆದ್ರ ಮತ್ತ ನುಂಗಿದ್ರ ಮೈತುಂಬ ಎದ್ದು ಜೀವಕ್ಕೂ ಕೇಡಾದೀತು.” ಔಷಧದ ಹೆಸರನ್ನು ಚೀಟಿಯಲ್ಲಿ ಬರೆದು, ಯಾವ ದವಾಖಾನೆಗೆ ಹೋದರೂ ತೋರಿಸಬೇಕೆಂದರು.

ಬಸ್ಸಿನಲ್ಲಿ ಅವಳು ಬಹಳ ಹೊತ್ತು ಬೆರಳು ನೋಡಿಕೊಂಡಳು. “ಅಂದ್ರ, ಇಷ್ಟು ವರ್ಷ ತಗದಿದ್ದ ದೃಷ್ಟಿ ಎಲ್ಲಿ ಹೋಯ್ತು?”

“ಒಲ್ಯಾಗ ಸುಟ್ಟು ಹೋಯ್ತು ಆಯಿ.”

ಆಗ ನಕ್ಕಳು.

ಗುಳಿಗೆ ಬಿಟ್ಟ ಮೇಲೆ ಉರಿ ಏಳಲಿಲ್ಲ. ಮಚ್ಚೆ ನಿಧಾನಕ್ಕೆ ತಿಳಿಯಾಗತೊಡಗಿತು. ಪೂರ್ತಿ ಹೋಗಲಿ ಎಂದು ನಾನು ಕಾಯಲಿಲ್ಲ. ಡಾಕ್ಟರಮ್ಮನ ಮಾತನ್ನು ಅತ್ತೆಗೂ ಹೇಳಿ, ಅವರ ಕಣ್ಣೆದುರೇ ಕೂಸನ್ನು ಅವಳ ಕಾಲ ಮೇಲೆ ಮಲಗಿಸಿದೆ. ಕೂಸು ಓಣಿಗೆಲ್ಲ ಕೇಳುವಂತೆ ಚೀರಿತು. ಎರೆದು ಒರೆಸಿ ನಿಂಬೆವ್ವ ದೃಷ್ಟಿ ತೆಗೆಯದೆಯೇ ಎದ್ದಳು. ಅತ್ತೆ ಒಳಗಿಂದ ಉಪ್ಪು, ಮೆಣಸಿನಕಾಯಿ ತಂದು ಅವಳ ಮುಂದೆ ಹಿಡಿದರು. “ಎರದು ಹೊಂಟ್ಯಾ? ದೃಷ್ಟಿ ಯಾರು ತೆಗೀಬೇಕು, ನಿಮ್ಮಪ್ಪನೇನು?”

ಈಗ ನಮ್ಮ ಓಣಿಯ ಚಮನಬಿ ಮನೆಯ ಮೊಮ್ಮಗುವಿಗೂ ಅವಳೇ ಎರೆಯುತ್ತಾಳೆ.

ಇವತ್ತು ಹಚ್ಚೆ ಹಾಕುವ ಮುದುಕಿ ಓಣಿಗೆ ಬಂದಿದ್ದಳು. ನಿಂಬೆವ್ವ ಓಡಿ ಬಂದು ಸೊಂಟದಿಂದ ಒಂದು ಮುದ್ದೆ ತೆಗೆದು ತೋರಿಸಿದಳು. ಡಾಕ್ಟರಮ್ಮನ ಚೀಟಿ ಬಚ್ಚಲ ನೀರಲ್ಲಿ ನೆಂದು ಹಿಟ್ಟಾಗಿತ್ತು.

“ನನ್ನ ಕೆಲಸ ನೀರಾಗ. ಕಾಗದ ಕರಗ್ತದ, ಚರ್ಮ ಕರಗಂಗಿಲ್ಲ. ಎಚ್ಚರ ತಪ್ಪಿ ಬಿದ್ದ ಹೊತ್ನ್ಯಾಗ ಸೊಲ್ಲಾಪುರದ ದವಾಖಾನಿಗಿ ಒಯ್ದ್ರ, ಅಲ್ಲಿ ಹೇಳೋರ್ಯಾರು? ತೋಳಿನ ಮ್ಯಾಲ ಬರದು ಕೊಡು, ಅದರ ಮ್ಯಾಲೇ ಚುಚ್ಚಿಸ್ಕೊತೇನಿ.”

ಅತ್ತೆ ನಕ್ಕರು. “ಮಂದಿ ಗಂಡನ ಹೆಸರು ಹಾಕಿಸ್ಕೊತಾರ. ನಿನಗ ಗುಳಿಗಿ ಹೆಸರು ಬೇಕೇನು ಬೇ?”

“ಗಂಡ ಹೋದ್ರಿ ಅವ್ವಾರ. ಗುಳಿಗಿ ಇನ್ನೂ ಅಂಗಡ್ಯಾಗ ಅದರಿ.”

ಸೂಜಿ ಕುದಿಸಲು ಒಲೆಯ ಮೇಲೆ ನೀರಿಟ್ಟು, ಇದ್ದಲು ಹಿಡಿದು ಕೂತೆ. ‘ಸಲ್ಫಾ’ ಎಂದು ಬರೆದೆನೋ ಇಲ್ಲವೋ, ನಿಂಬೆವ್ವ ನನ್ನ ಕೈ ಹಿಡಿದಳು.

“ಬರೇ ಹೆಸರು ಬರೀಬ್ಯಾಡ ಯವ್ವಾ, ಬೇಡ್ಯಾಳಂತ ಅದನ್ನೇ ಕೊಟ್ಟಾರು! ಕನ್ನಡದಾಗ ಬರಿ, ಇಂಗ್ಲಿಷಿನಾಗೂ ಬರಿ. ‘ಬ್ಯಾಡ’ ಅನ್ನೂದು ದಪ್ಪಗ ಬರಿ.”